ಮೂರನೆಯ ಪ್ರತಿ ಮತ್ತು ಮಂಡಿನೋವು

ಪ್ರಶ್ನೆ: ನಾವು ಆರು ಮಂದಿ ಜಾಝ್ ಕೇಳುಗರು ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಹೊಸ ಮರುಮುದ್ರಣದ ಎಲ್‌ಪಿ ತಟ್ಟೆ ಅಥವಾ ಸಿಡಿ ಕೊಂಡವರು ಅದನ್ನು ತಂದು ಹಾಕುತ್ತಾರೆ, ಉಳಿದವರು ಕೇಳುತ್ತಾರೆ. ಹೀಗೆ ಏಳೆಂಟು ವರ್ಷವಾಯಿತು. ಎರಡು ಸಂಗತಿಗಳು ಕಾಡುತ್ತಿವೆ. ಒಂದೇ ಆಲ್ಬಂ ಅನ್ನು ನಾನು ಮೂರನೆಯ ಸಲ ಕೊಂಡಿದ್ದೇನೆ, ಮನೆಯಲ್ಲಿ ನಗೆಪಾಟಲಾಗಿದ್ದೇನೆ. ಯಾವ ಮರುಮುದ್ರಣ ಕೊಳ್ಳಬೇಕು, ಯಾವುದನ್ನು ಬಿಡಬೇಕು? ಇನ್ನೊಂದು, ಕೂಟದಲ್ಲಿ ಈಗ ಸಂಗೀತಕ್ಕಿಂತ ಮಂಡಿನೋವು, ಮಕ್ಕಳ ಪರೀಕ್ಷೆ, ಸೋರುವ ನಲ್ಲಿ ಇವುಗಳ ಮಾತೇ ಹೆಚ್ಚು. ಗೆಳೆಯರೊಬ್ಬರು ಇದರಿಂದ ಬೇಸತ್ತು, ಇನ್ನು ಬರುವುದಿಲ್ಲ ಎನ್ನುತ್ತಿದ್ದಾರೆ. ಕೂಟಕ್ಕೆ ನಿಯಮ ಬೇಕೇ?

ಉತ್ತರ: ಆಲ್ಬಂ ಯಾವುದೆಂದು ನೀವು ಬರೆದಿಲ್ಲ. ಆದರೂ ಜಾಝ್ ಕೇಳುಗರ ಮನೆಯಲ್ಲಿ ಮೂರು ಪ್ರತಿ ಇರಬಹುದಾದ ಆಲ್ಬಂ ಯಾವುದೆಂದು ಊಹಿಸುವುದಕ್ಕೆ ಜ್ಯೋತಿಷ್ಯ ಬೇಕಿಲ್ಲ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಇರಬೇಕು. ನನ್ನ ಊಹೆ ಸರಿಯಾಗಿದ್ದರೆ, ನಗುತ್ತಿರುವ ಮನೆಯವರ ಮುಂದೆ ಇಡಲು ನಿಮ್ಮ ಬಳಿ ಗಟ್ಟಿ ವಾದವೊಂದಿದೆ.

ಆ ಆಲ್ಬಂ 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ನ್ಯೂಯಾರ್ಕಿನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸ್ಟುಡಿಯೊದಲ್ಲಿ ಧ್ವನಿಮುದ್ರಣಗೊಂಡಿತು. ಮೊದಲ ದಿನ ಮುಖ್ಯ ಟೇಪ್ ಯಂತ್ರ ಇರಬೇಕಾದ್ದಕ್ಕಿಂತ ತುಸು ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ಮುದ್ರಿಸಿದ್ದನ್ನು ಸರಿಯಾದ ವೇಗದ ಯಂತ್ರದಲ್ಲಿ ನುಡಿಸಿದರೆ ಲಯ ಓಡುತ್ತದೆ, ಶ್ರುತಿ ಏರುತ್ತದೆ. ಅಂದು ನುಡಿಸಿದ ‘ಸೋ ವಾಟ್’, ‘ಫ್ರೆಡ್ಡಿ ಫ್ರೀಲೋಡರ್’, ‘ಬ್ಲೂ ಇನ್ ಗ್ರೀನ್’ ಮೂರೂ ಎಲ್‌ಪಿಯ ಮೊದಲ ಬದಿಗೆ ಬಂದವು. ಹೀಗಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಜಗತ್ತು ಆ ಬದಿಯನ್ನು ಏರಿದ ಶ್ರುತಿಯಲ್ಲೇ ಕೇಳಿತು. ತಟ್ಟೆ ಹಾಕಿಕೊಂಡು ಅದರ ಜೊತೆಗೆ ನುಡಿಸಿ ಅಭ್ಯಾಸ ಮಾಡಿದವರಿಗೆ ತಮ್ಮ ಪಿಯಾನೊದ ಶ್ರುತಿಯೇ ಇಳಿದಿದೆಯೇನೋ ಎನ್ನಿಸಿರಬೇಕು, ಪಾಪ. ಅದೇ ದಿನ ಪಕ್ಕದಲ್ಲೇ ಓಡುತ್ತಿದ್ದ ಎರಡನೆಯ ಯಂತ್ರ ಸರಿಯಾಗಿತ್ತು. ಆ ಯಂತ್ರದ ಟೇಪಿನಿಂದ ತಪ್ಪನ್ನು ತಿದ್ದಿದ ಸಿಡಿ 1992ರಲ್ಲಿ ಬಂತು. 1997ರ ಮರುಮುದ್ರಣದಿಂದ ಸಾಮಾನ್ಯ ಕೇಳುಗರಿಗೂ ಅದು ತಲುಪಿತು. ನಿಮ್ಮ ಮೊದಲ ಪ್ರತಿ ಹಳೆಯ ಎಲ್‌ಪಿಯಾಗಿದ್ದರೆ, ಎರಡನೆಯದನ್ನು ಕೊಂಡದ್ದು ಚಪಲವಲ್ಲ, ತಿದ್ದುಪಡಿ. ಮೂರನೆಯದಕ್ಕೆ ಮಾತ್ರ ನಾನು ವಕಾಲತ್ತು ವಹಿಸಲಾರೆ.

ಇದನ್ನು ಇಷ್ಟು ಉದ್ದಕ್ಕೆ ಹೇಳಲು ಕಾರಣವಿದೆ. ಮರುಮುದ್ರಣ ಎಂಬ ಒಂದೇ ಪದದಡಿ ಹಲವು ಬೇರೆ ಬೇರೆ ಸರಕುಗಳು ಮಾರಾಟವಾಗುತ್ತವೆ. ಕೊಳ್ಳುವ ಮುನ್ನ ಒಂದು ಮಾತು ಕೇಳಿಕೊಳ್ಳಿ: ನನ್ನ ಬಳಿ ಈಗಾಗಲೇ ಇರುವುದರಲ್ಲಿ ಕೇಳಿಸದ ಏನನ್ನು ಇದು ಕೇಳಿಸುತ್ತದೆ? ಇದಕ್ಕೆ ಉತ್ತರ ಸಾಮಾನ್ಯವಾಗಿ ಎರಡು ಕಡೆ ಸಿಗುತ್ತದೆ. ಯಾವ ಟೇಪಿನಿಂದ ಮಾಡಿದ್ದಾರೆ, ಯಾರ ಕಿವಿ ಅದನ್ನು ತಿದ್ದಿದೆ ಎಂಬಲ್ಲಿ.

ಮೊದಲು ಟೇಪಿನ ವಿಷಯ. ಸ್ಟುಡಿಯೊದಲ್ಲಿ ಓಡಿದ ಮೂಲ ಟೇಪಿನಿಂದ ನಕಲು, ಆ ನಕಲಿನಿಂದ ಬೇರೆ ದೇಶಗಳ ಕಾರ್ಖಾನೆಗಳಿಗೆ ಮತ್ತೊಂದು ನಕಲು, ಹೀಗೆ ಹಿಂದೆಲ್ಲ ನಡೆಯುತ್ತಿತ್ತು. ಪ್ರತಿ ನಕಲಿನಲ್ಲೂ ಟೇಪಿನ ‘ಸುಸ್’ ಎಂಬ ಸದ್ದು ಹೆಚ್ಚುತ್ತದೆ, ಡ್ರಮ್ಸ್ ಜೊತೆಗಿನ ತಾಳದ ತಟ್ಟೆಗಳ (ಸಿಂಬಲ್) ನಾದದ ಹೊಳಪು ಮಾಸುತ್ತದೆ. ಆದ್ದರಿಂದಲೇ ಒಳ್ಳೆಯ ಪ್ರಕಾಶಕರು ‘ಮೂಲ ಟೇಪಿನಿಂದ’ ಎಂದು ಹೊದಿಕೆಯ ಮೇಲೆ ಬರೆದುಕೊಳ್ಳುತ್ತಾರೆ. ಮೂಲ ಟೇಪು ಎಂದೆಂದಿಗೂ ಇರುತ್ತದೆ ಎಂದುಕೊಳ್ಳಬೇಡಿ. 1978ರಲ್ಲಿ ನ್ಯೂಜೆರ್ಸಿಯ ಲಾಂಗ್ ಬ್ರಾಂಚ್‌ನಲ್ಲಿದ್ದ ಅಟ್ಲಾಂಟಿಕ್ ಕಂಪನಿಯ ಗೋದಾಮು ಸುಟ್ಟಾಗ, ಬಿಡುಗಡೆಯಾಗದೆ ಉಳಿದಿದ್ದ ಟೇಪುಗಳ ರಾಶಿಯೇ ಹೋಯಿತು. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊ ಆವರಣದಲ್ಲಿ ಮತ್ತೊಂದು ಬೆಂಕಿ. ಅಲ್ಲಿ ಹೋದದ್ದೆಷ್ಟು ಎಂಬುದರ ಬಗ್ಗೆ ಇಂದಿಗೂ ಜಗಳವಿದೆ.

ಇದರ ಎದುರಿಗೆ ಇಡಬೇಕಾದ ಒಂದು ಸಂತಸದ ಕಥೆಯೂ ಇದೆ. ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ತಮ್ಮ ನಾಲ್ವರ ತಂಡದೊಂದಿಗೆ 1963ರ ಮಾರ್ಚ್ 6ರಂದು ಧ್ವನಿಮುದ್ರಿಸಿದ ಸಂಗೀತದ ಬಹುಪಾಲು ಐವತ್ತೈದು ವರ್ಷ ಯಾರ ಕಿವಿಗೂ ಬೀಳದೆ ಉಳಿದಿತ್ತು. ಕಂಪನಿಯಲ್ಲಿದ್ದ ಟೇಪು ಎಂದೋ ಇಲ್ಲವಾಗಿತ್ತು. ಆದರೆ ಕೋಲ್ಟ್ರೇನ್ ಅಂದು ಕೇಳಿ ನೋಡಲೆಂದು ಮನೆಗೆ ಒಯ್ದ ಮಾನೊ (ಎಡಬಲ ಭೇದವಿಲ್ಲದ) ಟೇಪು ಅವರ ಮೊದಲ ಪತ್ನಿ ನಯೀಮಾ ಅವರ ಕುಟುಂಬದಲ್ಲಿ ಉಳಿದುಕೊಂಡಿತ್ತು. 2018ರಲ್ಲಿ ಅದು ಆಲ್ಬಂ ಆಗಿ ಹೊರಬಂತು. ಮನೆಯ ಕಪಾಟು ಖಾಲಿ ಮಾಡಿ ಎಂದು ಯಾರಾದರೂ ನಿಮಗೆ ಹೇಳಿದರೆ ಈ ಕಥೆ ಹೇಳಿ.

ಇನ್ನು ಕಿವಿಯ ವಿಷಯ. ಇಲ್ಲಿ ಧ್ವನಿಮುದ್ರಣ ತಂತ್ರಜ್ಞ ರೂಡಿ ವ್ಯಾನ್ ಗೆಲ್ಡರ್ ಅವರನ್ನು ಬಿಟ್ಟು ಮಾತು ಮುಂದೆ ಹೋಗದು. ಹಗಲು ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುತ್ತಿದ್ದ ಈತ, ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ತಂದೆತಾಯಿಯ ಮನೆಯ ನಡುಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡಿದ್ದರು. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೊ ಕಟ್ಟಿಸಿದರು. ಬ್ಲೂ ನೋಟ್, ಪ್ರೆಸ್ಟೀಜ್, ಇಂಪಲ್ಸ್ ಕಂಪನಿಗಳ ಎಷ್ಟೋ ಆಲ್ಬಂಗಳು ಹುಟ್ಟಿದ್ದು ಈ ಎರಡು ಜಾಗಗಳಲ್ಲಿ. ಅಂದಿನ ಅಗ್ಗದ ಪ್ಲೇಯರುಗಳಲ್ಲಿ ಸೂಜಿ ಎಗರಬಾರದು ಎಂಬ ಎಚ್ಚರದಿಂದ ತಟ್ಟೆ ಕೊರೆಯುವಾಗ ತೀರ ಕೆಳಗಿನ ಮಂದ್ರವನ್ನು ತಗ್ಗಿಸುತ್ತಿದ್ದರು. 1990ರ ದಶಕದ ಕೊನೆಯಿಂದ ತಮ್ಮ ಅದೇ ಟೇಪುಗಳನ್ನು ತಾವೇ ಮತ್ತೆ ಕೇಳಿ, ಸಿಡಿಗಾಗಿ ತಿದ್ದಿಕೊಟ್ಟರು. ಮುದ್ರಿಸಿದವರೇ ತಿದ್ದಿದರೆ ಅದೇ ಅಂತಿಮ ಎನ್ನಬೇಕಲ್ಲವೇ? ಕೇಳುಗರು ಒಪ್ಪಲಿಲ್ಲ. ಗಟ್ಟಿಯಾಯಿತು, ಕಿವಿಗೆ ಚುಚ್ಚುತ್ತದೆ, ಎಡಬಲಗಳ ಅಂತರ ಕುಗ್ಗಿತು ಎಂದು ದೂರಿದವರು ಬಹಳ. ನಾನೂ ಅವರಲ್ಲೊಬ್ಬ, ಎಲ್ಲ ಆಲ್ಬಂಗಳ ವಿಷಯದಲ್ಲಿ ಅಲ್ಲದಿದ್ದರೂ. ಬ್ಲೂ ನೋಟ್ ತನ್ನ ಎಂಬತ್ತನೆಯ ವರ್ಷದಲ್ಲಿ, ಅಂದರೆ 2019ರಲ್ಲಿ, ‘ಟೋನ್ ಪೊಯೆಟ್’ ಎಂಬ ಮಾಲೆ ತೆಗೆಯಿತು. ಅದರಲ್ಲಿ ಕೆವಿನ್ ಗ್ರೇ ಮೂಲ ಟೇಪಿನಿಂದಲೇ ಕೊರೆದ ತಟ್ಟೆಗಳಲ್ಲಿ ಡಬಲ್ ಬೇಸ್ ಮೊದಲಿಗಿಂತ ಮೈದುಂಬಿಕೊಂಡಿದೆ. ಹಳೆಯ ಮೊದಲ ಮುದ್ರಣ ಬೇಕೇ, ಇದು ಬೇಕೇ ಎಂದು ಕೇಳಿದರೆ, ಕೇಳುವುದಕ್ಕೆ ನಾನು ಇದನ್ನೇ ಆರಿಸುತ್ತೇನೆ.

ಮೊದಲ ಮುದ್ರಣದ ಹಿಂದೆ ಬಿದ್ದವರಿಗೆ ಬೇರೆಯೇ ರೋಗ. ಬ್ಲೂ ನೋಟ್ ತಟ್ಟೆಯಲ್ಲಿ ಸಂಗೀತ ಮುಗಿದ ಮೇಲೆ ಲೇಬಲ್‌ಗೆ ಮುಂಚೆ ನುಣುಪಾದ ಒಂದು ಪಟ್ಟಿ ಇರುತ್ತದೆ. ಅಲ್ಲಿ ವ್ಯಾನ್ ಗೆಲ್ಡರ್ ಹೆಸರಿನ ಮುದ್ರೆಯೂ, ಕಿವಿಯಂತೆ ಕಾಣುವ ಒಂದು ಪುಟ್ಟ ಗುರುತೂ ಇದ್ದರೆ ಬೆಲೆ ಹಲವು ಪಟ್ಟು ಏರುತ್ತದೆ. ಆ ಕಿವಿ ಪ್ಲಾಸ್ಟಿಲೈಟ್ ಎಂಬ ಕಾರ್ಖಾನೆಯ ಗುರುತು. ಬ್ಲೂ ನೋಟ್ ಲಿಬರ್ಟಿ ಕಂಪನಿಯ ಕೈಗೆ ಹೋದ ಮೇಲೆ, 1966ರಲ್ಲಿ, ಅದು ನಿಂತಿತು. ಭೂತಗನ್ನಡಿ ಹಿಡಿದು ಆ ಕಿವಿಯನ್ನು ಹುಡುಕಿ, ಸಿಕ್ಕಿದ ಮೇಲೆ ತಟ್ಟೆಯನ್ನು ನುಡಿಸದೆ ಕಪಾಟಿನಲ್ಲಿಟ್ಟವರನ್ನು ನಾನು ಬಲ್ಲೆ. ತಟ್ಟೆಯ ಕಿವಿ ಸಿಕ್ಕಿತು, ಅವರದು ಎಲ್ಲೋ ಕಳೆದುಹೋಯಿತು.

ಬಿಡಬೇಕಾದವುಗಳ ಬಗ್ಗೆ ಕೇಳಿದ್ದೀರಿ. 1960ರ ದಶಕದಲ್ಲಿ ಸ್ಟೀರಿಯೊ ಗುಂಗು ಹಿಡಿದಾಗ, ಹಳೆಯ ಮಾನೊ ಧ್ವನಿಮುದ್ರಣಗಳನ್ನು ವಿದ್ಯುನ್ಮಾನ ಉಪಾಯಗಳಿಂದ ಎರಡಾಗಿ ಒಡೆದು ಸ್ಟೀರಿಯೊ ಎಂದು ಮಾರಿದರು. ಅವು ಹಳೆಯ ಪೆಟ್ಟಿಗೆಗಳಲ್ಲಿ ಇಂದಿಗೂ ಸಿಗುತ್ತವೆ. ಪುಕ್ಕಟೆ ಕೊಟ್ಟರೂ ಬೇಡ.

ಇನ್ನೊಂದು ಬಗೆಯದನ್ನು ಗುರುತಿಸುವುದು ಕಷ್ಟ. ಯುರೋಪಿನ ದೇಶಗಳಲ್ಲಿ ಧ್ವನಿಮುದ್ರಣಕ್ಕೆ ಐವತ್ತು ವರ್ಷ ಕಾನೂನಿನ ರಕ್ಷಣೆ ಇತ್ತು. 2013ರಲ್ಲಿ ಅದನ್ನು ಎಪ್ಪತ್ತಕ್ಕೆ ಏರಿಸಿದರು. ಆದರೆ ಅಷ್ಟರೊಳಗೆ ರಕ್ಷಣೆ ಮುಗಿದಿದ್ದವಕ್ಕೆ ಅದು ಮರಳಿ ಬರಲಿಲ್ಲ. ಅಂದರೆ 1962ರ ಕೊನೆಯವರೆಗೆ ಬಿಡುಗಡೆಯಾದ ಜಾಝ್ ಆಲ್ಬಂಗಳನ್ನು ಅಲ್ಲಿ ಯಾರು ಬೇಕಾದರೂ ಮುದ್ರಿಸಬಹುದು. ಜಾಝ್‌ನ ಅತಿ ಫಲವತ್ತಾದ ವರ್ಷಗಳು ಆ ಗೆರೆಗೆ ಮುಂಚೆಯೇ ಬರುತ್ತವೆ ಎಂಬುದು ವಿಧಿಯ ಆಟ. ‘ಎರಡು ಆಲ್ಬಂ ಒಂದೇ ಸಿಡಿಯಲ್ಲಿ’, ‘ನಾಲ್ಕು ಆಲ್ಬಂ ಒಂದೇ ಪೆಟ್ಟಿಗೆಯಲ್ಲಿ’ ಎಂದು ಅಗ್ಗಕ್ಕೆ ಸಿಗುವ ಹಲವು ಪ್ರತಿಗಳ ಮೂಲ ಇದು. ಅಲ್ಲಿ ಇವು ಕಾನೂನುಬಾಹಿರವಲ್ಲ. ಆದರೆ ಮೂಲ ಟೇಪು ಇವರ ಕೈಯಲ್ಲಿರುವುದಿಲ್ಲ. ಎಷ್ಟೋ ಸಲ ಯಾರೋ ಹಿಂದೆ ಮಾಡಿದ ಸಿಡಿಯಿಂದಲೇ ಎಲ್‌ಪಿ ಕೊರೆದಿರುತ್ತಾರೆ. ಹೊದಿಕೆ ತಿರುಗಿಸಿ ನೋಡಿ. ‘180 ಗ್ರಾಂ’ ಎಂದು ದೊಡ್ಡದಾಗಿ ಬರೆದು, ಟೇಪು ಯಾವುದು, ಕೊರೆದವರು ಯಾರು ಎಂದು ಎಲ್ಲೂ ಹೇಳದಿದ್ದರೆ ಅನುಮಾನ ಪಡಿ. ತಟ್ಟೆಯ ತೂಕದಿಂದ ಸ್ವರದ ಗುಣ ಬದಲಾಗುವುದಿಲ್ಲ. ಮೂಗಿಗಿಂತ ಮೂಗುತಿ ಭಾರವಾದ ಪ್ರಸಂಗ ಅದು. ಹೀಗೆಂದು ಇವನ್ನು ಮುಟ್ಟಲೇಬೇಡಿ ಎನ್ನಲಾರೆ. ಪರಿಚಯವೇ ಇಲ್ಲದ ವಾದಕರನ್ನು ಮೊದಲ ಸಲ ಕೇಳಿ ನೋಡಲು ಇವು ಸಾಕು. ನನ್ನ ಕಪಾಟಿನಲ್ಲೂ ಇವೆ, ಕೆಳಗಿನ ಸಾಲಿನಲ್ಲಿ.

ದುಬಾರಿಯೆಲ್ಲ ಪ್ರಾಮಾಣಿಕ ಎಂದೂ ತಿಳಿಯಬೇಡಿ. 2022ರಲ್ಲಿ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿ ತನ್ನ ಎಲ್‌ಪಿಗಳ ತಯಾರಿಕೆಯಲ್ಲಿ ವರ್ಷಗಳಿಂದ ಡಿಜಿಟಲ್ ಹಂತವೊಂದನ್ನು ಬಳಸುತ್ತಿದ್ದದ್ದು ಬಯಲಾಯಿತು. ಆದಿಯಿಂದ ಅಂತ್ಯದವರೆಗೂ ಅನಲಾಗ್, ಅಂದರೆ ಟೇಪಿನಿಂದ ನೇರ ತಟ್ಟೆಗೆ, ಎಂದು ನಂಬಿ ಕೊಂಡವರು ನ್ಯಾಯಾಲಯಕ್ಕೆ ಹೋದರು, ಕಂಪನಿ ಪರಿಹಾರ ಕೊಡಲು ಒಪ್ಪಿತು. ನನಗೆ ಇದರಲ್ಲಿ ಸ್ವಾರಸ್ಯವೆನಿಸಿದ್ದು ಬೇರೆ. ಅಷ್ಟು ವರ್ಷ ಆ ತಟ್ಟೆಗಳನ್ನು ಹಾಡಿ ಹೊಗಳಿದ್ದ ಸೂಕ್ಷ್ಮ ಕಿವಿಗಳಿಗೆ ಡಿಜಿಟಲ್ ಹಂತ ಕೇಳಿಸಿಯೇ ಇರಲಿಲ್ಲ. ಆ ಹಂತ ಇದ್ದದ್ದು ದೋಷವಲ್ಲ, ಹೇಳದೆ ಇದ್ದದ್ದು ದೋಷ.

ನಮ್ಮ ಕಿವಿಗಳ ಬಗ್ಗೆಯೂ ಸ್ವಲ್ಪ ವಿನಯ ಇರಲಿ. ವಯಸ್ಸಾದಂತೆ ತಾರದ ತುದಿ ಕೇಳಿಸುವುದು ಎಲ್ಲರಿಗೂ ಕಡಿಮೆಯಾಗುತ್ತದೆ. ತಾಳದ ತಟ್ಟೆಯ ಗುಂಗು ಯಾವ ಪ್ರತಿಯಲ್ಲಿ ಹೆಚ್ಚು ಎಂದು ಹೊಡೆದಾಡುವವರಲ್ಲಿ ಹಲವರು ಅದನ್ನು ಕೇಳುವುದಕ್ಕಿಂತ ನೆನಪಿಸಿಕೊಳ್ಳುವುದೇ ಹೆಚ್ಚು. ಎರಡು ಪ್ರತಿ ಹೋಲಿಸುವಾಗ ಮೊದಲು ಎರಡರ ಗಟ್ಟಿತನವನ್ನು ಸಮ ಮಾಡಿ; ಎಳ್ಳಷ್ಟು ಗಟ್ಟಿಯಾಗಿ ಕೇಳಿಸುವುದೇ ಉತ್ತಮ ಎನ್ನಿಸುವುದು ಕಿವಿಯ ಸ್ವಭಾವ. ಆಮೇಲೆ ಯಾವುದು ಯಾವುದೆಂದು ಹೇಳದೆ ನಿಮ್ಮ ಐವರು ಗೆಳೆಯರಿಗೆ ಕೇಳಿಸಿ. ನಮ್ಮ ಕೂಟದಲ್ಲಿ ಒಮ್ಮೆ ಹೀಗೆ ಮಾಡಿದಾಗ, ನಾನು ವರ್ಷಗಟ್ಟಲೆ ಹೀಗಳೆಯುತ್ತಿದ್ದ ಸಿಡಿಯನ್ನೇ ಆರಿಸಿ ಕೂತಿದ್ದೆ. ಆ ಸಂಜೆಯ ನಗು ಇನ್ನೂ ಮುಗಿದಿಲ್ಲ.

ಕೊಳ್ಳಲು ಯೋಗ್ಯವಾದವು ಎಂದರೆ, ಫ್ಯಾಂಟಸಿ ಕಂಪನಿ 1980ರ ದಶಕದ ಆರಂಭದಲ್ಲಿ ಶುರು ಮಾಡಿದ ‘ಒರಿಜಿನಲ್ ಜಾಝ್ ಕ್ಲಾಸಿಕ್ಸ್’ ಮಾಲೆಯ ಹಳೆಯ ಪ್ರತಿಗಳು. ಪ್ರೆಸ್ಟೀಜ್, ರಿವರ್‌ಸೈಡ್ ಲೇಬಲ್‌ಗಳ ಟೇಪುಗಳು ಆ ಕಂಪನಿಯ ಸ್ವಂತದ್ದಾಗಿದ್ದವು. ಹೊದಿಕೆ ತೆಳು, ಆಡಂಬರವಿಲ್ಲ, ಒಳಗಿನ ಸಂಗೀತಕ್ಕೆ ಮೋಸವಿಲ್ಲ. ಇದೇ ಹೆಸರಿನ ಮಾಲೆ 2023ರಿಂದ ಮತ್ತೆ ಹೊಸದಾಗಿ ಬರುತ್ತಿದೆ. ಆದರೆ ಹಳೆಯ ಬಡ ಪ್ರತಿ ಕೈಗೆ ಸಿಕ್ಕರೆ ಬಿಡಬೇಡಿ.

ಮೊಸಾಯಿಕ್ ಕಂಪನಿಯದು ಬೇರೆಯೇ ದಾರಿ. ನಿರ್ಮಾಪಕ ಮೈಕೆಲ್ ಕಸ್ಕೂನಾ 1970ರ ದಶಕದಲ್ಲಿ ಬ್ಲೂ ನೋಟ್‌ನ ಟೇಪು ಕೋಣೆಗೆ ಪ್ರವೇಶ ಗಿಟ್ಟಿಸಿ, ಧ್ವನಿಮುದ್ರಿಸಿ ಮರೆತುಬಿಟ್ಟಿದ್ದ ಎಷ್ಟೋ ಆಲ್ಬಂಗಳನ್ನು ಬೆಳಕಿಗೆ ತಂದರು. ಬಳಿಕ ಚಾರ್ಲಿ ಲೂರಿ ಜೊತೆ ಸೇರಿ ಮೊಸಾಯಿಕ್ ಕಟ್ಟಿದರು. ಒಬ್ಬ ವಾದಕರ ಒಂದು ಕಾಲಘಟ್ಟದ ಸಂಗೀತವನ್ನೆಲ್ಲ ಧ್ವನಿಮುದ್ರಣದ ದಿನಾಂಕದ ಕ್ರಮದಲ್ಲಿ ಜೋಡಿಸಿ, ದೊಡ್ಡ ಕಿರುಹೊತ್ತಗೆಯೊಂದಿಗೆ, ಇಂತಿಷ್ಟೇ ಸಂಖ್ಯೆಯಲ್ಲಿ ಮಾರುವುದು ಅವರ ಪದ್ಧತಿ. 2024ರಲ್ಲಿ ಕಸ್ಕೂನಾ ತೀರಿಕೊಂಡಾಗ, ನನ್ನ ಕಪಾಟಿನಲ್ಲಿ ಅವರ ಹೆಸರು ಎಷ್ಟು ಹೊದಿಕೆಗಳ ಹಿಂದಿದೆ ಎಂದು ಎಣಿಸಲು ಹೊರಟು ನಡುವೆ ಬಿಟ್ಟೆ. ‘ಸೀಮಿತ ಸಂಖ್ಯೆ’ ಎಂಬ ಮಾತು ಕೇಳಿದೊಡನೆ ಓಡಬೇಡಿ. ಮೊಸಾಯಿಕ್ ಆಡಿದಂತೆ ನಡೆದುಕೊಳ್ಳುತ್ತದೆ. ಉಳಿದವರ ‘ಸೀಮಿತ’ ಪ್ರತಿ ನಾಲ್ಕು ವರ್ಷದಲ್ಲಿ ಬೇರೆ ಬಣ್ಣದಲ್ಲಿ ಮತ್ತೆ ಬರುತ್ತದೆ.

ಬೋನಸ್ ತುಣುಕುಗಳ ಬಗ್ಗೆ ಒಂದು ಮಾತು, ಅದು ನಿಮ್ಮ ಎರಡನೆಯ ಪ್ರಶ್ನೆಗೂ ಹಾದಿ. ಒಂದೇ ಕೃತಿಯನ್ನು ಮೂರು ಸಲ ನುಡಿಸಿದ್ದರೆ ಮೂರನ್ನೂ ಒಂದರ ಬೆನ್ನಿಗೆ ಒಂದರಂತೆ ಸಿಡಿಗೆ ತುಂಬುವ ಚಾಳಿಯನ್ನು ನಾನು ಸಹಿಸಲಾರೆ. ಆದರೆ ಎಲ್ಲವೂ ಬೇಕು ಎನ್ನಿಸುವ ಒಂದು ಪೆಟ್ಟಿಗೆ ಇದೆ. 1961ರ ಜೂನ್ 25ರ ಭಾನುವಾರ, ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಬಿಲ್ ಇವಾನ್ಸ್ ಪಿಯಾನೊ, ಸ್ಕಾಟ್ ಲಫಾರೊ ಬೇಸ್, ಪಾಲ್ ಮೋಟಿಯನ್ ಡ್ರಮ್ಸ್ ನುಡಿಸಿದರು. ಮಧ್ಯಾಹ್ನ ಎರಡು, ಸಂಜೆ ಮೂರು, ಒಟ್ಟು ಐದು ಸುತ್ತು. ಹನ್ನೊಂದು ದಿನಗಳ ಬಳಿಕ ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡರು, ಇಪ್ಪತ್ತೈದೇ ವಯಸ್ಸು. ಅಂದಿನ ಸಂಗೀತದಿಂದ ಆಯ್ದು ಎರಡು ಎಲ್‌ಪಿಗಳು ಬಂದವು. 2005ರಲ್ಲಿ ದಿನವಿಡೀ ನುಡಿಸಿದ್ದು ನುಡಿಸಿದ ಕ್ರಮದಲ್ಲೇ ಮೂರು ಸಿಡಿಗಳಾಗಿ ಬಂತು. ಮೊದಲ ಕೃತಿಯ ನಡುವೆ ವಿದ್ಯುತ್ ಕೈಕೊಟ್ಟು ಟೇಪು ತಡವರಿಸಿದ್ದನ್ನೂ ಹಾಗೆಯೇ ಉಳಿಸಿದ್ದಾರೆ.

ಆ ಧ್ವನಿಮುದ್ರಣದಲ್ಲಿ ಇನ್ನೂ ಒಂದು ಕೇಳಿಸುತ್ತದೆ. ಸಭಿಕರು ಮಾತಾಡುತ್ತಿದ್ದಾರೆ. ಗಾಜಿನ ಲೋಟ ಲೋಟಕ್ಕೆ ತಾಗುತ್ತದೆ, ಯಾರೋ ಹೆಂಗಸು ನಗುತ್ತಾಳೆ, ಹಿಂದಿನ ಮೇಜಿನವರು ತಮ್ಮ ಪಾಡಿಗೆ ಏನೋ ಲೋಕಾಭಿರಾಮ ನಡೆಸಿದ್ದಾರೆ. ಯಾರದೋ ಮಂಡಿನೋವೇ ಇದ್ದೀತು. ಹಳೆಯ ಎಲ್‌ಪಿಯಲ್ಲಿ ಅದು ಬರೀ ಗುಜುಗುಜು. ಮರುಮುದ್ರಣ ಉತ್ತಮವಾದಷ್ಟೂ ಆ ಮಾತು ಸ್ಪಷ್ಟವಾಗುತ್ತ ಬಂದಿದೆ. ಗಮನಿಸಿ, ನಾವು ಎರಡನೆಯ ಸಲ, ಮೂರನೆಯ ಸಲ ಹಣ ಕೊಟ್ಟು ಕೊಳ್ಳುತ್ತಿರುವುದರಲ್ಲಿ ಆ ಅಪರಿಚಿತರ ಹರಟೆಯೂ ಸೇರಿದೆ. ಅದನ್ನು ಅಳಿಸಿ ಕೊಟ್ಟರೆ ಕೊಳ್ಳುತ್ತೀರಾ? ನಾನಂತೂ ಕೊಳ್ಳುವುದಿಲ್ಲ.

ಹಾಗೆಂದು ನಿಮ್ಮ ಮುನಿದ ಗೆಳೆಯರನ್ನು ತಳ್ಳಿಹಾಕಬೇಡಿ. ಅವರ ಬೆನ್ನಿಗೂ ದೊಡ್ಡವರಿದ್ದಾರೆ. ಗದ್ದಲ ಮಾಡುವ ಸಭಿಕರನ್ನು ಕಂಡರೆ ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಅವರಿಗೆ ಮೈ ಉರಿಯುತ್ತಿತ್ತು. 1960ರಲ್ಲಿ ಸಭಿಕರೇ ಇಲ್ಲದ ಸ್ಟುಡಿಯೊದಲ್ಲಿ ಧ್ವನಿಮುದ್ರಿಸುವಾಗಲೂ ಅವರು ಕ್ಲಬ್ಬಿನಲ್ಲಿ ನಿಂತವರಂತೆ ಮಾತಾಡಿ, ಲೋಟದ ಮಂಜುಗಡ್ಡೆ ಅಲುಗಿಸಬೇಡಿ, ಗಲ್ಲಾಪೆಟ್ಟಿಗೆಯ ಗಂಟೆ ಬಾರಿಸಬೇಡಿ ಎಂದು ಇಲ್ಲದ ಸಭೆಗೆ ತಾಕೀತು ಮಾಡಿದ್ದಾರೆ. ಜಪಾನಿನಲ್ಲಿ ‘ಜಾಝ್ ಕಿಸ್ಸಾ’ ಎಂಬ ಕೆಫೆಗಳಿವೆ. ವಿದೇಶಿ ತಟ್ಟೆ ಕೊಳ್ಳಲು ಸಾಮಾನ್ಯರಿಗೆ ಆಗದಿದ್ದ ಕಾಲದಲ್ಲಿ ಜನ ಅಲ್ಲಿ ಕುಳಿತು ಒಟ್ಟಿಗೆ ಕೇಳುತ್ತಿದ್ದರು. ಹಲವು ಕಡೆ ಮಾತಾಡುವುದೇ ನಿಷಿದ್ಧವಾಗಿತ್ತು. ನಿಮ್ಮ ಗೆಳೆಯರು ಅಂಥ ಕಡೆ ಹುಟ್ಟಬೇಕಾದವರು.

ಇಬ್ಬರಿಗೂ ಒಪ್ಪುವ ದಾರಿ ಎಲ್‌ಪಿಯಲ್ಲೇ ಇದೆ. ಒಂದು ಬದಿ ಸುಮಾರು ಇಪ್ಪತ್ತು ನಿಮಿಷ. ಸೂಜಿ ತಟ್ಟೆಯ ಮೇಲಿರುವಾಗ ಮಾತಿಲ್ಲ, ಎತ್ತಿದ ಮೇಲೆ ಮಾತಿಗೆ ತಡೆಯಿಲ್ಲ. ಇಷ್ಟೇ ನಿಯಮ. ಇಪ್ಪತ್ತು ನಿಮಿಷ ಬಾಯಿ ಮುಚ್ಚಿಕೊಳ್ಳುವುದು ಎಂಥ ಹರಟೆಮಲ್ಲರಿಗೂ ಸಾಧ್ಯ. ಸಿಡಿಯ ಎಪ್ಪತ್ತು ನಿಮಿಷ ನನಗೂ ಸಾಧ್ಯವಿಲ್ಲ. ಸಿಡಿ ಹಾಕಿದರೆ ನಾಲ್ಕೈದು ಕೃತಿಗಳಿಗೆ ನಿಲ್ಲಿಸಿ. ಬದಿ ತಿರುಗಿಸುವ ಮುನ್ನ, ಆಲ್ಬಂ ತಂದವರು ಅದನ್ನು ಯಾಕೆ ಕೊಂಡರು ಎಂದು ಎರಡು ಮಾತು ಹೇಳಲಿ. ಎರಡು ಬದಿ ಮುಗಿದರೆ ಅಂದಿನ ಸಂಗೀತ ಸಾಕು. ಎರಡನೆಯ ಆಲ್ಬಂ ಹಾಕಲು ಯಾರೂ ಅವಸರಪಡುವುದು ಬೇಡ, ಆ ಹೊತ್ತು ಮಂಡಿನೋವಿಗೆ ಮೀಸಲು.

ಆ ಮಾತುಗಳನ್ನು ಕಡಿಯಬೇಡಿ ಎನ್ನುವುದಕ್ಕೆ ನನಗೆ ಸ್ವಂತದ ಕಾರಣವಿದೆ. ನಮ್ಮ ಕೂಟದ ಒಬ್ಬರು ಒಂದಿಡೀ ವರ್ಷ ನಿಧಾನಗತಿಯ ಕೃತಿಗಳಿರುವ ಆಲ್ಬಂಗಳನ್ನೇ ತರುತ್ತಿದ್ದರು. ಇವರ ರುಚಿ ಮೆತ್ತಗಾಯಿತು ಎಂದು ನಾನು ಛೇಡಿಸುತ್ತಿದ್ದೆ. ಸೂಜಿ ಎತ್ತಿದ ಮೇಲೆ, ಯಾರದೋ ಆಸ್ಪತ್ರೆಯ ಮಾತಿನ ನಡುವೆ, ಮನೆಯಲ್ಲಿ ಹೆಂಡತಿಗೆ ತಿಂಗಳುಗಳಿಂದ ನಿದ್ದೆಯಿಲ್ಲ, ರಾತ್ರಿ ಅವರಿಗೆ ಹಿಡಿಸುವುದು ಇವಷ್ಟೇ ಎಂದು ಹೇಳಿದರು. ಆಮೇಲೆ ಆ ತಟ್ಟೆಗಳನ್ನು ನಾನು ಬೇರೆ ರೀತಿ ಕೇಳಿದೆ. ಯಾವ ಮರುಮುದ್ರಣದ ಕಿರುಹೊತ್ತಗೆಯಲ್ಲೂ ಅದು ಇರಲಿಲ್ಲ.

ನಿಮ್ಮ ಮೂರು ಪ್ರತಿಗಳಿಗೆ ಬರೋಣ. ಶ್ರುತಿ ತಿದ್ದಿದವು ಎರಡಿದ್ದರೆ, ಗಟ್ಟಿತನ ಸಮ ಮಾಡಿ, ಹೆಸರು ಮರೆಮಾಡಿ ಕೂಟದಲ್ಲಿ ಎರಡನ್ನೂ ಕೇಳಿಸಿ. ಸೋತದ್ದನ್ನು ಆ ಮುನಿದ ಗೆಳೆಯರಿಗೆ ಕೊಟ್ಟುಬಿಡಿ. ಮುಂದಿನ ಸಲ ಅವರು ಬಂದೇ ಬರುತ್ತಾರೆ, ಗೆದ್ದದ್ದೇ ಸೋತಿದ್ದು ಎಂದು ವಾದಿಸುವುದಕ್ಕಾದರೂ. ಏರಿದ ಶ್ರುತಿಯ ಹಳೆಯ ಎಲ್‌ಪಿಯನ್ನು ಮಾತ್ರ ಕೊಡಬೇಡಿ. 1959ರಿಂದ ಮೂವತ್ತಕ್ಕೂ ಹೆಚ್ಚು ವರ್ಷ ಆಲ್ಬಂ ಅನ್ನು ಪ್ರೀತಿಸಿದವರೆಲ್ಲ ಮೊದಲು ಕೇಳಿದ್ದು ಅದನ್ನೇ, ನೀವೂ ಸೇರಿ.